ಏಳು ಬೀದಿಯ ಹೆಪ್ಪು

ಬೇರೆ ಗ್ರಹಗಳಲ್ಲಿ ಜೀವ ಬದುಕಬಹುದೇ ಇಲ್ಲವೇ ಎಂದು ಬೇರೆ ಊರುಗಳಲ್ಲಿ ದುರ್ಬೀನು ಹಿಡಿದು ನೋಡುತ್ತಾರಂತೆ. ನಮ್ಮೂರಿನಲ್ಲಿ ಹಾಲಿಗೆ ಹೆಪ್ಪು ಹಾಕಿ ನೋಡುತ್ತಿದ್ದರು. ಗ್ರಹದ ಮೇಲೆ ಒಂದು ಪಾತ್ರೆ ಹಾಲಿಟ್ಟು, ಸಂಜೆ ಹೆಪ್ಪು ಬಿಟ್ಟು ಬಂದರೆ ಮುಗಿಯಿತು. ಬೆಳಗಾಗುವಾಗ ಮೊಸರಾಗಿದ್ದರೆ ಅಲ್ಲಿ ಜೀವ ಬದುಕುತ್ತದೆ ಎಂದು ಅರ್ಥ. ಹಾಲು ಹಾಲಾಗಿಯೇ ಉಳಿದಿದ್ದರೆ ಇಲ್ಲ. ಇಷ್ಟು ಸಲೀಸಾದ ಪರೀಕ್ಷೆಯಲ್ಲಿ ಹೆಚ್ಚುಕಮ್ಮಿ ಮಾಡೋಕೆ ಏನಿದೆ ಅಂತ ನಾವೂ ಬಹಳ ವರ್ಷ ತಲೆ ಕೆಡಿಸಿಕೊಳ್ಳಲಿಲ್ಲ.

ಗ್ರಹಗಳು ಬರುತ್ತಿದ್ದದ್ದು ಸುಗ್ಗಿ ಕಳೆದು ಬಿಸಿಲು ಏರುವ ಕಾಲದಲ್ಲಿ. ಒಂದೊಂದಾಗಿ ತೇಲಿಕೊಂಡು ಬಂದು ಸಂತೆ ಮೈದಾನದ ಮೇಲೆ, ತೆಂಗಿನಮರಕ್ಕಿಂತ ಒಂದಾಳು ಎತ್ತರದಲ್ಲಿ ನಿಲ್ಲುತ್ತಿದ್ದವು. ಕೆಲವು ರಾಗಿ ಒಕ್ಕುವ ಕಣದಷ್ಟು ಸಣ್ಣವು, ಕೆಲವು ಕೆರೆಯಷ್ಟು ದೊಡ್ಡವು. ಬಂದ ಕೂಡಲೇ ಹಗ್ಗ ಎಸೆದು ಮೈದಾನದ ಕಲ್ಲುಕಂಬಕ್ಕೆ ಬಿಗಿಯುತ್ತಿದ್ದರು, ಉದ್ದನೆಯ ಬಿದಿರಿನ ಏಣಿ ಒರಗಿಸುತ್ತಿದ್ದರು. ಅಷ್ಟರಲ್ಲಿ ಕಡಲೆಕಾಯಿಯವರು ಅದರ ನೆರಳಿಗೆ ಬಂದು ಕೂತಾಗಿರುತ್ತಿತ್ತು. "ಈ ಸಲದ್ದು ಸ್ವಲ್ಪ ವಾಲಿದೆ ಅಲ್ವೇನೋ?" ಎಂದು ಒಬ್ಬ ಕೇಳಿದರೆ, "ಅದು ನೆಟ್ಟಗೇ ಇದೆ, ನೀನೇ ಬೆಳಿಗ್ಗೆಯಿಂದ ವಾಲಿದೀಯ" ಎಂದು ಇನ್ನೊಬ್ಬ. ಜೀವಕ್ಕೆ ಮೊದಲು ನೀರು ಬೇಕು ಎಂದು ಕೆಲವರು, ಗಾಳಿ ಬೇಕು ಎಂದು ಕೆಲವರು, ಅದೆಲ್ಲ ಇದ್ದೂ ಟೀ ಅಂಗಡಿ ಇಲ್ಲದಿದ್ದರೆ ಯಾವನು ಬದುಕ್ತಾನೆ ಎಂದು ಮಿಕ್ಕವರು.

ಜೀವ ಇದೆ ಎಂದಾದ ಗ್ರಹವನ್ನು ಊರು ಇಟ್ಟುಕೊಳ್ಳುತ್ತಿತ್ತು. ಇಲ್ಲವೆಂದಾದರೆ ಹಗ್ಗ ಬಿಚ್ಚಿ ಕಳಿಸುತ್ತಿತ್ತು. ನಮ್ಮಜ್ಜಿಯ ಕಾಲದಲ್ಲಿ ಇಟ್ಟುಕೊಂಡವೆಲ್ಲ ಮೇಲಿನ ಬೀದಿಯ ನೆತ್ತಿಯಲ್ಲೇ ಸಾಲಾಗಿ ನಿಂತಿವೆ. ಅವುಗಳ ಮೇಲೆ ಅವರ ಮಾವಿನ ತೋಪು, ಬೇಸಿಗೆ ಮನೆ, ಉಯ್ಯಾಲೆ. ಅವರ ಬೀದಿಗೆ ನಡುಹಗಲಲ್ಲೂ ತಂಪು. ಏಳನೆಯದಾದ ನಮ್ಮ ಕೊನೇಬೀದಿಗೆ ಸೂರ್ಯ ಪೂರ್ತಿ ಪುಕ್ಕಟೆ.

ಅದನ್ನು ಕೇಳಿಯೇಬಿಡೋಣ ಎಂದು ಎದ್ದವನು ನಮ್ಮ ಬೀದಿಯ ಭರಮಣ್ಣ. ಒಂದಿಡೀ ಬೇಸಿಗೆ ಕಲ್ಲುಕಂಬದ ಬುಡದಲ್ಲಿ ತಮಟೆ ಬಡಿಯುತ್ತ ಕೂತ. ಹೆಪ್ಪು ಯಾವಾಗಲೂ ಮೇಲಿನ ಬೀದಿಯದೇ ಯಾಕೆ, ಗ್ರಹ ಯಾವಾಗಲೂ ಮೇಲಿನ ಬೀದಿಗೇ ಯಾಕೆ? ಆಗ ನಾನು ಲಂಗ ಹಾಕುತ್ತಿದ್ದೆ. ಹಿಂದೆ ಕೂತು ಕೂಗುವುದು ನನ್ನ ಕೆಲಸ. ಕಡೆಗೆ ಎರಡು ನಿಯಮ ಆಯಿತು. ಏಳು ಬೀದಿಯಿಂದಲೂ ಒಂದೊಂದು ಸೌಟು ಹೆಪ್ಪು ಸೇರಬೇಕು. ಜೀವ ಇದೆಯೆಂದಾದ ಗ್ರಹದಲ್ಲಿ ಏಳು ಬೀದಿಗೂ ಸಮಪಾಲು. ಅವತ್ತು ನಮ್ಮ ಬೀದಿಯಲ್ಲಿ ಮನೆಮನೆಗೂ ಪಾಯಸ. ಅವತ್ತಿನಿಂದ ಬಂದ ಒಂದೇ ಒಂದು ಗ್ರಹದ ಮೇಲೂ ಹಾಲು ಮೊಸರಾಗಲಿಲ್ಲ.

"ಅವರ ಹೆಪ್ಪು ಬಿತ್ತಲ್ಲ, ಇನ್ನೆಲ್ಲಿ ಆಗುತ್ತೆ" ಎಂದು ಮೇಲಿನ ಬೀದಿಯವರು ನಿಟ್ಟುಸಿರು ಬಿಟ್ಟರು. ಅವರು ಅಂದದ್ದಕ್ಕೆ ನನಗೆ ಬೇಜಾರಿಲ್ಲ, ಅನ್ನೋದೇ ಅವರ ಕಸುಬು. ನಮ್ಮಲ್ಲೇ ಕೆಲವರು ಅದನ್ನು ನಂಬಿದ್ದರಲ್ಲ, ಅದು ಉರಿಯುತ್ತಿತ್ತು.

ಇನ್ನು ನನ್ನ ಚಿಕ್ಕವ್ವ ದ್ಯಾವಕ್ಕನ ವಿಷಯ. ಚಿಕ್ಕವ್ವನಿಗೆ ಗಂಡ ಇದ್ದ, ಹೋದ. ಮಕ್ಕಳಾಗಲಿಲ್ಲ. ನಮ್ಮ ಮನೆಯಲ್ಲೇ ಇದ್ದಳು. ಆ ಮನೆಯಲ್ಲಿ ನನ್ನ ಹೊಲಿಗೆ ಮಿಷನ್ನಿಗೆ ಸಿಕ್ಕ ಜಾಗ ಅವಳಿಗೆ ಸಿಕ್ಕಿರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಉಳಿದ ಸಂದಿಯಲ್ಲಿ, ಒರಳುಕಲ್ಲಿಗೂ ಗೋಡೆಗೂ ನಡುವೆ, ಮೊಣಕಾಲು ಎದೆಗೆ ಒತ್ತಿಕೊಂಡು ಮುದುರಿ ಮಲಗುತ್ತಿದ್ದಳು. ಮದುವೆಯಾದಾಗ ಗಂಡನ ಮನೆಯಲ್ಲೂ ಹಾಗೆಯೇ, ಹುಟ್ಟಿದ ಮನೆಯಲ್ಲೂ ಹಾಗೆಯೇ. "ಒಂದು ಸಲ, ಒಂದೇ ಸಲ, ಕಾಲು ಉದ್ದಕ್ಕೆ ಚಾಚಿ ಮಲಗಿಬಿಟ್ಟು ಸಾಯಬೇಕು ಕಣೇ ಈರಿ" ಅನ್ನುತ್ತಿದ್ದಳು. ಸತ್ತಾಗ ಹೇಗೂ ಚಾಚುತ್ತಾರಲ್ಲ ಎಂದು ನಾನು ರೇಗಿಸಿದರೆ, "ನಮ್ಮ ಮನೆಯಲ್ಲಿ ಅದಕ್ಕೂ ಜಾಗ ಎಲ್ಲಿದೆ, ಕೂರಿಸಿಯೇ ಹೊತ್ಕೊಂಡು ಹೋಗ್ತೀರ" ಎಂದು ನಗುತ್ತಿದ್ದಳು. ಒಂದೊಂದು ಗ್ರಹ ಬಂದಾಗಲೂ ಅದನ್ನು ತಲೆಯೆತ್ತಿ ನೋಡುತ್ತ, ತನ್ನ ಚಾಪೆ ಎಲ್ಲಿ ಹಾಸಬೇಕು ಎಂದು ಗೊತ್ತು ಮಾಡಿಕೊಳ್ಳುತ್ತಿದ್ದಳು.

ಆ ವರ್ಷ ಬಂದದ್ದು ದುಂಡಗೆ, ಕಂದಾಗಿ, ಮೇಲೆ ಸ್ವಲ್ಪ ಹಬೆಯಾಡುತ್ತಿದ್ದ ಗ್ರಹ. ಊರೆಲ್ಲ ಅದಕ್ಕೆ ಮುದ್ದೆಗ್ರಹ ಎಂದು ಹೆಸರಿಟ್ಟಿತು. ಅದನ್ನು ನೋಡುತ್ತಿದ್ದರೇ ಹಸಿವಾಗುತ್ತಿತ್ತು. ಚಿಕ್ಕವ್ವ ನನ್ನನ್ನೂ ಎಳೆದುಕೊಂಡು ಹೆಪ್ಪು ಕೊಡಲು ಪರೀಕ್ಷಾ ಮಂಟಪಕ್ಕೆ ಹೊರಟಳು. ಬೇರೆ ಸಲವಾದರೆ ಮುತ್ತುಗದ ದೊನ್ನೆಯಲ್ಲಿ ಒಯ್ದು, ಮಂಟಪದ ಹೊರಗಟ್ಟೆಯ ಮೇಲಿಟ್ಟು ಬಂದುಬಿಡುತ್ತಿದ್ದೆವು. ಅವತ್ತು ದೊನ್ನೆ ಮುಗಿದಿತ್ತು. ಚಿಕ್ಕವ್ವ ತನ್ನ ಸ್ಟೀಲ್ ಲೋಟದಲ್ಲಿ ತಂದಿದ್ದಳು. ಲೋಟ ವಾಪಸ್ಸು ಬೇಕಲ್ಲ, ಅದಕ್ಕೇ ಕಾದು ನಿಂತೆವು. ಆಗ ಒಳಗಿನಿಂದ ಘಮ್ಮೆಂದು ಮಜ್ಜಿಗೆಹುಳಿಯ ವಾಸನೆ ಬಂತು.

"ಯಾರಿಗೇ ಅಡಿಗೆ ಇಲ್ಲಿ?" ಎಂದು ಚಿಕ್ಕವ್ವ ಮೂಗರಳಿಸಿ ಬಾಗಿಲ ಪಕ್ಕದ ಜಾಲಂಧ್ರಕ್ಕೆ ಕಣ್ಣಿಟ್ಟಳು. ನಾನೂ ಇಟ್ಟೆ. ಒಳಗೆ ಒಲೆ ಉರಿಯುತ್ತಿತ್ತು. ಒಲೆಯ ಮೇಲೆ ಹಿತ್ತಾಳೆ ಪಾತ್ರೆ. ಪಾತ್ರೆಯಲ್ಲಿ ಏಳು ಬೀದಿಯ ಹೆಪ್ಪು ಕೊತಕೊತ ಕುದಿಯುತ್ತಿತ್ತು, ನೀರು ಬೇರೆ ಗಷ್ಟು ಬೇರೆಯಾಗಿ ಒಡೆದುಕೊಂಡು. ಪರೀಕ್ಷಾ ಸಮಿತಿಯ ಅಧ್ಯಕ್ಷ ಸೇತುರಾಯರು ಪಂಚೆ ಎತ್ತಿ ಕಟ್ಟಿ, ಏನೋ ಮಂತ್ರ ಗುನುಗುತ್ತ, ಸ್ವತಃ ಕಡ್ಡಿಯಿಂದ ಬೆಂಕಿ ಕೆದಕುತ್ತಿದ್ದರು.

"ಸ್ವಾಮೀ," ಚಿಕ್ಕವ್ವ ಜಾಲಂಧ್ರದಿಂದಲೇ ಕೂಗಿದಳು. "ಅದನ್ಯಾಕೆ ಕುದಿಸ್ತಿದೀರಿ?"

ರಾಯರು ಗಾಬರಿಯಾಗಲಿಲ್ಲ. ಕದ್ದವರ ಹಾಗೆ ಮುಚ್ಚಿಡಲಿಲ್ಲ. ಒಳ್ಳೆಯ ಮನುಷ್ಯ, ಯಾರೇ ಕೇಳಿದರೂ ವಿವರಿಸಿ ಹೇಳುವ ಸ್ವಭಾವ. "ಏಳು ಬೀದಿಯದೂ ಸೇರಿರುತ್ತಲ್ಲಮ್ಮ. ಯಾರ್ಯಾರ ಮನೇದೋ. ಒಂದು ಕುದಿ ಬರಿಸಿದರೆ ಶುದ್ಧ."

"ಹೆಪ್ಪು ಕುದಿಸಿದರೆ ಸತ್ತೋಗುತ್ತೆ ಸ್ವಾಮಿ!"

"ಸತ್ತಿತು ಅಂದರೆ ಶುದ್ಧವಾಯಿತು ಅಂತಲೇ ಅರ್ಥ ತಾಯಿ," ರಾಯರು ನಕ್ಕರು.

"ಮತ್ತೆ ಮೊಸರು ಹೇಗಾಗುತ್ತೆ?"

"ಅಲ್ಲಿ ಜೀವ ಇದ್ದರೆ ಆಗುತ್ತೆ. ಇಲ್ಲದಿದ್ದರೆ ಇಲ್ಲ. ಅದನ್ನು ನೋಡೋಕೇ ಅಲ್ಲವೇ ಪರೀಕ್ಷೆ?"

ನನಗೆ ನಗಬೇಕೋ ಅಲ್ಲೇ ಬಿದ್ದಿದ್ದ ಸೌದೆ ಎತ್ತಿಕೊಳ್ಳಬೇಕೋ ತಿಳಿಯಲಿಲ್ಲ. ಆ ಸಮಿತಿಯಲ್ಲಿ ಇದ್ದವರೆಲ್ಲ ಗಂಡಸರು. ಒಬ್ಬನೂ ಜನ್ಮದಲ್ಲಿ ಹಾಲಿಗೆ ಹೆಪ್ಪು ಹಾಕಿದವನಲ್ಲ. ಅವರವರ ಹೆಂಡತಿಯರನ್ನು ಒಂದು ಮಾತು ಕೇಳಿದ್ದರೂ ಸಾಕಿತ್ತು, ಅದನ್ನೂ ಕೇಳಿದವರಲ್ಲ. ಮೋಸ ಮಾಡುವವನ ಜೊತೆ ಜಗಳವಾದರೂ ಆಡಬಹುದು. ಮಡಿ ಮಾಡುವವನು ನಮ್ಮನ್ನು ಕೊಲ್ಲುವಾಗಲೂ ಕೈ ತೊಳೆದುಕೊಂಡೇ ಇರುತ್ತಾನೆ. ಎಷ್ಟು ಗ್ರಹಗಳು! ಎಲ್ಲವೂ ಬಂದವು, ಸತ್ತ ಹೆಪ್ಪಿನ ಹಾಲು ಹೊತ್ತು ಒಂದು ರಾತ್ರಿ ನಿಂತವು, ಹೋದವು.

ರಾಯರು ಲೋಟವನ್ನು ಕಡ್ಡಿಯಿಂದ ತಳ್ಳಿ ಹೊರಗೆ ಬೀಳಿಸಿದರು. ಚಿಕ್ಕವ್ವ ಅದನ್ನು ಎತ್ತಿಕೊಂಡು ಸೆರಗಿನಲ್ಲಿ ಒರೆಸಿದಳು.

ಮರುದಿನ ಬೆಳಿಗ್ಗೆ ಮೈದಾನದಲ್ಲಿ ಡಂಗುರ ಹೊಡೆದು ಸಾರಿದರು: ಹಾಲು ಹಾಲಾಗಿಯೇ ಇದೆ, ಮುದ್ದೆಗ್ರಹದಲ್ಲಿ ಜೀವ ಬದುಕುವುದಿಲ್ಲ, ನಾಳೆ ಹಗ್ಗ ಬಿಚ್ಚಲಾಗುವುದು. ನಾನು ಭರಮಣ್ಣನ ಬಳಿ ಓಡಿ ಕುದಿಸಿದ ವಿಷಯವನ್ನೆಲ್ಲ ಹೇಳಿದೆ. ಅವನು ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಲು ಶುರು ಮಾಡಿದ. "ಕೂರೋಣ, ಮತ್ತೆ ಕೂರೋಣ. ಹೆಪ್ಪು ಕುದಿಸಬಾರದು ಅಂತ ಮೂರನೇ ನಿಯಮ ಮಾಡಿಸೋಣ" ಎಂದ. ಅವನಿಗೀಗ ಮಂಡಿನೋವು. ಆದರೂ ಕೂರುವ ವಿಷಯಕ್ಕೆ ಮಾತ್ರ ಯಾವತ್ತೂ ತಯಾರು.

ಅಷ್ಟರಲ್ಲಿ ಚಿಕ್ಕವ್ವ ಪೊರಕೆ ತಗೊಂಡು ಹೊರಟಿದ್ದಳು.

ಇದನ್ನು ಹೇಳಲೇಬೇಕು. ಸಮಿತಿಯವರು ಗ್ರಹದ ಮೇಲೆ ಪರೀಕ್ಷೆ ಮುಗಿಸಿದ ಮೇಲೆ ಅಲ್ಲಿ ಬಾಳೆಲೆ, ತೆಂಗಿನಚಿಪ್ಪು, ಊದುಬತ್ತಿ ಬೂದಿ ಎಲ್ಲ ಬಿದ್ದಿರುತ್ತದೆ. ಹಗ್ಗ ಬಿಚ್ಚುವ ಮೊದಲು ಅದನ್ನು ಗುಡಿಸಿ ಬರುವುದು ಲಾಗಾಯ್ತಿನಿಂದ ನಮ್ಮ ಬೀದಿಯ ಹೆಂಗಸರ ಪಾಲಿನದು. ಜೀವ ಬದುಕುವುದಿಲ್ಲ ಎಂದು ಸಾರಿದ ಜಾಗದಲ್ಲಿ ನಾವು ಪ್ರತಿ ವರ್ಷ ಅರ್ಧ ದಿನ ಗುಡಿಸಿ, ಎಲೆ ಅಡಿಕೆ ಹಾಕಿಕೊಂಡು, ನಾಲ್ಕು ಮಾತಾಡಿ ಇಳಿದು ಬರುತ್ತಿದ್ದೆವು. ನಮ್ಮ ಉಸಿರಾಟವನ್ನು ಯಾರೂ ಪರೀಕ್ಷೆ ಎಂದು ತಿಳಿಯಲಿಲ್ಲ. ನಾವೂ ತಿಳಿಯಲಿಲ್ಲ.

ಕೈಯಲ್ಲಿ ಪೊರಕೆ ಇದ್ದರೆ ನಮ್ಮವರನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಚಿಕ್ಕವ್ವ ಬೆನ್ನಿಗೆ ಚಾಪೆ ಕಟ್ಟಿ, ಸೊಂಟಕ್ಕೆ ಹೆಪ್ಪಿನ ಲೋಟ ಸಿಕ್ಕಿಸಿ, ತಲೆಯ ಮೇಲೆ ಹಾಲಿನ ಮಡಕೆ ಇಟ್ಟುಕೊಂಡು ಏಣಿ ಹತ್ತಿದಳು. ಹತ್ತುವವರೆಗೂ ಕಾವಲಿನವನು ಆಕಳಿಸುತ್ತಿದ್ದ. ಸಂಜೆಯಾದರೂ ಅವಳು ಇಳಿಯದಿದ್ದಾಗ ಊರಿಗೆ ಗೊತ್ತಾಯಿತು.

"ಇಳಿಯಮ್ಮ ಕೆಳಗೆ!" ರಾಯರು ಕೈಯನ್ನೇ ಕಹಳೆ ಮಾಡಿಕೊಂಡು ಕೂಗಿದರು. "ಅಲ್ಲಿ ಜೀವ ಬದುಕೋದಿಲ್ಲ!"

ಮೇಲೆ ಅಂಚಿನಲ್ಲಿ ಚಿಕ್ಕವ್ವನ ಮುಖ ಕಂಡಿತು. "ನಾನು ಇದೀನಲ್ಲ ಸ್ವಾಮಿ!"

"ಅದು ಲೆಕ್ಕಕ್ಕೆ ಬರೋದಿಲ್ಲ!"

ರಾಯರು ಕೆಟ್ಟದ್ದಕ್ಕೆ ಅಂದದ್ದಲ್ಲ, ನಿಯಮ ಹೇಳಿದರು ಅಷ್ಟೆ. ಆದರೆ ಕೆಲವು ಮಾತನ್ನು ಹುಟ್ಟಿದಾಗಿನಿಂದ ಕೇಳುತ್ತಿದ್ದರೂ, ಯಾರಾದರೂ ಕಹಳೆ ಮಾಡಿಕೊಂಡು ಕೂಗಿದಾಗಲೇ ಸರಿಯಾಗಿ ಕೇಳಿಸುವುದು. ಎಲ್ಲರಿಗಿಂತ ಮೊದಲು ಏಣಿಗೆ ಕಾಲಿಟ್ಟವಳು ನಾನು. ನನ್ನ ಹಿಂದೆ ನಮ್ಮ ಬೀದಿಯ ಇನ್ನಷ್ಟು ಜನ. ಹೊಲಿಗೆ ಮಿಷನ್ನನ್ನು ಹಗ್ಗಕ್ಕೆ ಕಟ್ಟಿ ಎಳೆಸಿದ್ದು ಬೇರೆಯದೇ ಕಥೆ. ಅರ್ಧಕ್ಕೆ ಬಂದಾಗ ಅದರ ಚಕ್ರ ತಾನೇ ತಿರುಗತೊಡಗಿ, ಕೆಳಗಿದ್ದವರೆಲ್ಲ ತಲೆ ಮೇಲೆ ಕೈ ಇಟ್ಟುಕೊಂಡು ಓಡಿದರು.

ಮೇಲೆ ಹೋಗಿ ನೋಡಿದರೆ ಚಿಕ್ಕವ್ವ ಮಡಕೆಗೆ ಹೆಪ್ಪು ಹಾಕಿ, ಮೇಲೆ ತಟ್ಟೆ ಮುಚ್ಚಿ, ತನ್ನ ಹಳೇ ಸೀರೆ ಸುತ್ತಿ ಇಟ್ಟಿದ್ದಳು. ಪಕ್ಕದಲ್ಲಿ ಚಾಪೆ. ಚಾಪೆಯ ಮೇಲೆ ಅವಳು. ಕಾಲು ಚಾಚಿದ್ದಳು. ಎಷ್ಟು ಉದ್ದ ಇದ್ದಳು ಚಿಕ್ಕವ್ವ! ಇಷ್ಟು ವರ್ಷ ಅವಳನ್ನು ಕುಳ್ಳಿ ಎಂದೇ ತಿಳಿದಿದ್ದೆ. ಪಾದ ಚಾಪೆ ದಾಟಿ ಮಣ್ಣಿಗೆ ತಾಗುತ್ತಿತ್ತು. "ಮಾತಾಡಿಸಬೇಡ ಕಣೇ," ಅಂದಳು, "ಈಗ ತಾನೇ ಬೆನ್ನು ನೆಟ್ಟಗಾಗ್ತಿದೆ."

ಬೆಳಗಾಗುವ ಹೊತ್ತಿಗೆ ಮೊಸರಾಗಿತ್ತು. ಹೇಗೆ ಅಂತೀರಿ, ಕತ್ತರಿಸಿ ಕೊಡಬಹುದು, ಅಂಥ ಗಟ್ಟಿ ಮೊಸರು. ಕೆಳಗೆ ಇಡೀ ಊರು ನೆರೆದಿತ್ತು. ಚಿಕ್ಕವ್ವ ಅಂಚಿಗೆ ಬಂದು ಮಡಕೆಯನ್ನು ತೋರಿಸಿದಳು. "ಆಗಿದೆ ಸ್ವಾಮಿ! ಬಂದು ಬೆರಳಿಟ್ಟು ನೋಡಿ!"

ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊಸರು ಆಗಿದೆಯೆಂದು ಒಪ್ಪಬೇಕಾದರೆ ಅಧ್ಯಕ್ಷರು ಒಂದು ಚಮಚ ಬಾಯಿಗೆ ಹಾಕಿಕೊಂಡು ಹೇಳಬೇಕು, ಪದ್ಧತಿ ಹಾಗಿದೆ. ಆ ಮಡಕೆಯದನ್ನು ರಾಯರು ಬಾಯಿಗೆ ಹಾಕಿಕೊಳ್ಳುವುದೇ? ಅವರು ಕಣ್ಣು ಕಿರಿದು ಮಾಡಿ ಮೇಲೆ ನೋಡಿದರು. "ಇಲ್ಲಿಂದ ಹಾಲಿನ ಹಾಗೇ ಕಾಣುತ್ತಮ್ಮ," ಎಂದರು.

"ಹಾಲಿನ ಹಾಗಾ?" ಎಂದ ಚಿಕ್ಕವ್ವ ಮಡಕೆಯನ್ನು ಸರಿಯಾಗಿ ಸಮಿತಿಯ ನೆತ್ತಿಯ ಮೇಲೆ ಹಿಡಿದು ಬೋರಲು ಮಾಡಿದಳು.

ನೀವು ನೋಡಬೇಕಿತ್ತು ಆ ಓಟ! ಶಲ್ಯ ಒಂದು ಕಡೆ, ಮೆಟ್ಟು ಒಂದು ಕಡೆ. ಒಬ್ಬರಂತೂ ಕಡಲೆಕಾಯಿ ಬುಟ್ಟಿಯೊಳಗೇ ಕೂತುಬಿಟ್ಟರು. ಮೊಸರು ಮಾತ್ರ ಬೀಳಲಿಲ್ಲ. ಒಂದು ಹನಿಯೂ ಬೀಳಲಿಲ್ಲ. ಬೋರಲಾದ ಮಡಕೆಯಲ್ಲಿ ಕಚ್ಚಿಕೊಂಡು ಕೂತಿತ್ತು. ಮೈದಾನಕ್ಕೆ ಮೈದಾನವೇ ನಕ್ಕಿತು. ಮೇಲಿನ ಬೀದಿಯ ಹೆಂಗಸರೂ ಸೆರಗು ಬಾಯಿಗಿಟ್ಟು ನಕ್ಕರು. ಒಬ್ಬ ಅಜ್ಜಿ, ರಾಯರ ಅತ್ತೆಯೇ ಇರಬೇಕು, "ಎಂಥಾ ಗಡ್ಡೆ ಮೊಸರು ನೋಡ್ರೇ!" ಎಂದು ಬಾಯಿಬಿಟ್ಟೇ ಅಂದುಬಿಟ್ಟಳು.

ರಾಯರು ಮೆಟ್ಟು ಹುಡುಕಿ ಹಾಕಿಕೊಂಡು, ಮೈ ಕೊಡವಿಕೊಂಡು ಬಂದರು. "ಆಯಿತು. ಮೊಸರು ಎಂದೇ ಇಟ್ಟುಕೊಳ್ಳೋಣ. ಆದರೆ ಇದು ಒಂದೇ ಬೀದಿಯ ಹೆಪ್ಪಿನದು. ಏಳು ಬೀದಿಯದೂ ಸೇರಬೇಕು ಅಂತ ನಿಯಮ ಇದೆಯಲ್ಲ? ಯಾರು ಕೂತು ಮಾಡಿಸಿದ ನಿಯಮ? ನಮ್ಮ ಭರಮಣ್ಣನೇ ಅಲ್ಲವೇ?"

ಭರಮಣ್ಣನ ತಮಟೆ ನಿಂತುಹೋಯಿತು. ನಾವು ಗೆದ್ದ ನಿಯಮವನ್ನೇ ಅವರು ನಮ್ಮ ಕುತ್ತಿಗೆಗೆ ಹಿಡಿದಿದ್ದರು, ಅದೂ ಎಷ್ಟು ಮರ್ಯಾದೆಯಿಂದ! ಅವನು ಏಣಿಯ ಬುಡಕ್ಕೆ ಬಂದು ಮೇಲೆ ನೋಡಿದ. "ದ್ಯಾವಕ್ಕಾ, ಇಳಿದು ಬಾರವ್ವ. ಇಲ್ಲೇ ಕೂತು ಹೊಡೆದಾಡಿ ತಗೊಳ್ಳೋಣ. ಊರು ಬಿಟ್ಟು ಹೋಗೋದು ಹೋರಾಟ ಅಲ್ಲ. ಅವರಿಗೆ ಬೇಕಾಗಿರೋದೂ ಅದೇ."

ಅವನ ಮಾತು ಸುಳ್ಳಲ್ಲ. ನಾನು ಚಿಕ್ಕವ್ವನ ಮುಖ ನೋಡಿದೆ. ಅವಳು ಮಡಕೆಯನ್ನು ನೆಟ್ಟಗೆ ಮಾಡಿ ಬಗಲಿಗೆ ಇಟ್ಟುಕೊಂಡಿದ್ದಳು.

"ನಾನೆಲ್ಲಪ್ಪ ಊರು ಬಿಡ್ತಿದೀನಿ ಭರಮಣ್ಣ? ಮೈದಾನದ ಮೇಲೇ ಇದೀನಿ. ಹಗ್ಗ ಇರೋದು ಅವರ ಕೈಲಿ. ಬೇಕಾದರೆ ಇಟ್ಕೊಳ್ಳಲಿ, ಏಳು ಬೀದಿಗೂ ಪಾಲು ಮಾಡಲಿ, ನಾನು ಒಂದು ಚಾಪೆ ಜಾಗದಲ್ಲಿ ಇರ್ತೀನಿ. ಬೇಡವಾದರೆ ಬಿಡಲಿ. ಮತ್ತೆ ಬಂದು ಒರಳುಕಲ್ಲಿನ ಸಂದೀಲಿ ಮುದುರಿಕೊಳ್ಳೋಕೆ ಮಾತ್ರ ನನ್ನ ಮೊಣಕಾಲು ಒಪ್ಪಲ್ಲ."

ಭರಮಣ್ಣ ತಮಟೆಯನ್ನು ಹೆಗಲಿಗೆ ಏರಿಸಿಕೊಂಡ. ಆಮೇಲೆ, "ಹಂಗಾದರೆ ಮೇಲೆ ನೀನು ಹಿಡ್ಕೋ, ಕೆಳಗೆ ನಾನು ಹಿಡೀತೀನಿ" ಎಂದು ಕಂಬಕ್ಕೆ ಬೆನ್ನು ಕೊಟ್ಟು ಕೂತ.

ಹಗ್ಗ ಕಟ್ಟುವುದು ಬಿಚ್ಚುವುದು ಎಲ್ಲ ನಮ್ಮ ಬೀದಿಯವರ ಕೆಲಸ. ಬಿಚ್ಚಿ ಎಂದು ರಾಯರು ಹೇಳಿದರು. ನಮ್ಮವರು ಕೈ ಕಟ್ಟಿಕೊಂಡು ನಿಂತರು. ಎರಡನೇ ಸಲ ಹೇಳಿದರು. ನಮ್ಮವರು ಕಡಲೆಕಾಯಿ ಸುಲಿದರು. ಉಳಿದ ಬೀದಿಯವರನ್ನು ಕೇಳಿದರು. ಅವರಿಗೆಲ್ಲ ಇದ್ದಕ್ಕಿದ್ದ ಹಾಗೆ ಮನೆಯಲ್ಲಿ ಕೆಲಸ ನೆನಪಾಯಿತು. ಒಂದು ಹೊತ್ತು ನನಗೆ ನಂಬಿಕೆಯೇ ಬಂತು, ಇವರು ಬಿಡಲಾರರು, ಇಷ್ಟು ಜನ ಮೇಲಿರುವಾಗ ಬಿಡಲಾರರು ಎಂದು. ರಾಯರು ಶಲ್ಯವನ್ನು ಸೊಂಟಕ್ಕೆ ಬಿಗಿದು, ಯಾರದೋ ಕುಡುಗೋಲು ಇಸಿದುಕೊಂಡು, ಅದರ ಮೇಲೆ ನೀರು ಚಿಮುಕಿಸಿ, ಭರಮಣ್ಣನ ತಲೆಯ ಮೇಲೆ ಕೈ ಚಾಚಿ ಹಗ್ಗ ಕೊಯ್ಯಲು ಶುರು ಮಾಡಿದರು. ನಾವು ಕಂಡಂತೆ ಅವರು ತಮ್ಮ ಕೈಯಾರೆ ಮಾಡಿದ ಮೊದಲ ಮೈಮುರಿಯುವ ಕೆಲಸ ಅದು. ಬೆವರು ಸುರಿಸಿ ಮಾಡಿದರು.

ಹಗ್ಗ ಹರಿದಾಗ ಭರಮಣ್ಣ ತಮಟೆ ಬಡಿದ. ನಮ್ಮ ಗ್ರಹ ಮೇಲಿನ ಬೀದಿಯ ಮಾವಿನ ತೋಪುಗಳನ್ನು ಸವರಿಕೊಂಡು ಊರಿನ ತುದಿ ದಾಟುವವರೆಗೂ ಆ ಸದ್ದು ಕೇಳುತ್ತಿತ್ತು. ನಮ್ಮಲ್ಲಿ ಕೆಲವರು ಅತ್ತರು. ನಾನೂ ಅತ್ತೆ, ಸುಳ್ಳು ಯಾಕೆ. ತೋಪಿನ ಪಕ್ಕ ಹಾದಾಗ ಕೈಗೆ ಸಿಕ್ಕಷ್ಟು ಮಾವಿನಕಾಯಿ ಕಿತ್ತುಕೊಂಡೆವು, ಅದೂ ನಿಜ.

ಬದುಕಿದೆವಾ ಎಂದು ಕೇಳಿದರೆ, ಬದುಕಿದೆವು. ಮುದ್ದೆಗ್ರಹದ ಮಣ್ಣು ಕಡ್ಡಿಯಲ್ಲಿ ಕೆದಕಿದರೆ ನೀರು ಬರುತ್ತದೆ. ರಾಗಿ ಚೆಲ್ಲಿದೆವು, ಬಂತು. ಎಲ್ಲರ ಮನೆಯೂ ಕಾಲು ಚಾಚುವಷ್ಟು ಉದ್ದ, ಅದೊಂದನ್ನು ಚಿಕ್ಕವ್ವ ತಾನೇ ಮಲಗಿ ಅಳತೆ ಕೊಟ್ಟು ಕಟ್ಟಿಸಿದಳು. ಜಗಳ ಬೇಕಾದಷ್ಟು ಇದೆ. ಟೀ ಅಂಗಡಿಯೂ ಆಯಿತು.

ಮೊನ್ನೆ ನಮ್ಮ ಗ್ರಹ ತೇಲುತ್ತ ತೇಲುತ್ತ ಯಾವುದೋ ಕಾಣದ ಊರಿನ ಮೇಲೆ ನಿಂತಿತು. ಅವರೂ ಹಗ್ಗ ಎಸೆದರು, ಕಂಬಕ್ಕೆ ಕಟ್ಟಿದರು. ಅವರ ಪರೀಕ್ಷೆ ಬೇರೆ ಥರ. ಉದ್ದನೆಯ ಬಿದಿರಿಗೆ ಬುಟ್ಟಿ ಕಟ್ಟಿ ಒಂದು ಹುಂಜವನ್ನು ಮೇಲಕ್ಕೆ ಕಳಿಸಿದರು. ಬೆಳಿಗ್ಗೆ ಅದು ಕೂಗಿದರೆ ಇಲ್ಲಿ ಜೀವ ಬದುಕುತ್ತದೆ ಎಂದು ಅವರ ಲೆಕ್ಕ. ನಾವೆಲ್ಲ ಅಂಚಿಗೆ ಬಂದು ಕೈ ಬೀಸಿದೆವು, ಕೂಗಿದೆವು. ನಾನು ಮಿಷನ್ ತುಳಿದು ಸದ್ದು ಮಾಡಿದೆ. ಟೋಪಿ ಹಾಕಿಕೊಂಡ ಒಬ್ಬರು ಕೆಳಗಿನಿಂದ ಕೈಸನ್ನೆ ಮಾಡಿ ಹೇಳಿದರು, "ಸ್ವಲ್ಪ ಪಕ್ಕಕ್ಕೆ ಸರೀರಪ್ಪ, ಹುಂಜ ಕಾಣಿಸ್ತಿಲ್ಲ. ಪರೀಕ್ಷೆ ನಡೀತಿದೆ."

ಚಿಕ್ಕವ್ವ ಹುಂಜವನ್ನು ನೋಡಿದಳು. ಹುಂಜ ಚಿಕ್ಕವ್ವನನ್ನು ನೋಡಿತು. ಒಳ್ಳೆಯ ತೂಕದ್ದು, ಕೆಂಪು ಜುಟ್ಟಿನದು.

ಮರುದಿನ ಬಿಸಿಲೇರುವವರೆಗೂ ಕೆಳಗಿನವರು ಕಿವಿಗೆ ಕೈ ಇಟ್ಟುಕೊಂಡು ಕಾದರು. ನಾವು ಸಾಲಾಗಿ ಕೂತು ಮುದ್ದೆ ಮುರಿಯುತ್ತಿದ್ದೆವು. ಕಡೆಗೆ ಟೋಪಿಯವರ ದನಿ ಕೇಳಿಸಿತು: "ಕೂಗಲಿಲ್ಲ! ಇಲ್ಲಿ ಜೀವ ಇಲ್ಲ! ಬಿಚ್ಚಿ ಕಳಿಸಿ!"

"ಕಳಿಸ್ಲಿ ಬಿಡು," ಚಿಕ್ಕವ್ವ ಮೂಳೆ ಚೀಪುತ್ತ ಅಂದಳು. "ಮುಂದಿನ ಊರಿನವರು ಕುರಿ ಕಳಿಸೋ ಪೈಕಿ ಇರಬಹುದು. ಮಸಾಲೆ ಎಷ್ಟು ಉಳಿದಿದೆ ನೋಡೇ ಈರಿ."